ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್: ಕೊಡಗಿನ ತೋಟದ ಮನೆಯಲ್ಲಿ ಬಳಸಿ ನೋಡಿದ ಮೇಲೆ

ಮೈಕ್ರೋಸಾಫ್ಟ್ ಕಂಪನಿಯು 2015ರ ಜುಲೈನಲ್ಲಿ ಹೊರತಂದ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಕೊಡಗಿನ ತೋಟದ ಮನೆಗಳಲ್ಲಿಯೂ ಸಹಕಾರ ಸಂಘಗಳ ಕಚೇರಿಗಳಲ್ಲಿಯೂ ಇನ್ನೂ ಓಡುತ್ತಿರುವ ಹಳೆಯ ಲ್ಯಾಪ್‌ಟಾಪುಗಳನ್ನು ಏನು ಮಾಡುವುದು ಎಂಬ ಮಾತು ಆಗಾಗ ಕೇಳಿಬರುತ್ತಿದೆ. ವಿಂಡೋಸ್ 11 ಹಾಕಿಸೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ, ಇಂಟೆಲ್ ಪ್ರೊಸೆಸರಾದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರುವುದೂ ಬೇಕು. ಅಂದರೆ 2017ಕ್ಕೆ ಮೊದಲು ಕೊಂಡ ಯಂತ್ರಗಳು, ಕೀಲಿ ಸವೆಯದೆ ಪರದೆ ಮಂಕಾಗದೆ ಚೆನ್ನಾಗಿಯೇ ಇದ್ದರೂ, ಲೆಕ್ಕಕ್ಕೆ ಬರುವುದಿಲ್ಲ. ಮನೆ ಬಳಕೆದಾರರಿಗೆಂದು ಕಂಪನಿ ಕೊಟ್ಟಿರುವ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟುಗಳ ಯೋಜನೆಗೆ ಮೈಕ್ರೋಸಾಫ್ಟ್ ಖಾತೆಯ ಮೂಲಕ ನೋಂದಾಯಿಸಿಕೊಳ್ಳಬೇಕು, ಮತ್ತು ಆ ಯೋಜನೆಯ ಅವಧಿ 2026ರ ಅಕ್ಟೋಬರಿಗೆ ಮುಗಿಯುವಂಥದ್ದು. ಹೊಸ ಲ್ಯಾಪ್‌ಟಾಪ್ ಕೊಳ್ಳುವುದು ಒಂದು ದಾರಿ. ಇನ್ನೊಂದು ದಾರಿ ವಿಂಡೋಸಿನ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್, ಅದರಲ್ಲಿಯೂ ವಿಂಡೋಸ್ ಬಳಸಿ ಅಭ್ಯಾಸವಾದವರಿಗೆ ಹೆಚ್ಚು ಹತ್ತಿರವೆನಿಸುವ ಲಿನಕ್ಸ್ ಮಿಂಟ್. ನಾಪೋಕ್ಲು ಕಡೆಯ ನಮ್ಮ ಮನೆಯಲ್ಲಿ ಒಂದು ಮಳೆಗಾಲವನ್ನೂ ಒಂದು ಕಾಫಿ ಕೊಯ್ಲನ್ನೂ ಅದರಲ್ಲಿಯೇ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಯಂತ್ರದ ವಿಷಯ ಮೊದಲು ಹೇಳಿಬಿಡುತ್ತೇನೆ. ಆರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಬ್ಯಾಟರಿಯ ಜೀವ ಅರ್ಧಕ್ಕಿಂತ ಕಡಿಮೆ. ಮಿಂಟಿನ ಜಾಲತಾಣ ಹೇಳುವ ಪ್ರಕಾರ ಕನಿಷ್ಠ 2 ಜಿಬಿ ರ‍್ಯಾಮ್ ಮತ್ತು 20 ಜಿಬಿ ಡಿಸ್ಕ್ ಜಾಗ ಸಾಕು, ಆದರೆ ಆರಾಮವಾಗಿ ಕೆಲಸ ಮಾಡಲು 4 ಜಿಬಿ ರ‍್ಯಾಮ್ ಇರುವುದು ಒಳ್ಳೆಯದು. ಮಿಂಟ್ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಲ್ಲಿ ಸಿಗುತ್ತದೆ. ಸಿನಮನ್ ನೋಡಲು ಚೆಂದ, ಎಕ್ಸ್‌ಎಫ್‌ಸಿಇ ಹಗುರ. ನಾವು 22ನೇ ಸರಣಿಯ ಎಕ್ಸ್‌ಎಫ್‌ಸಿಇಯನ್ನು ಆರಿಸಿಕೊಂಡೆವು. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿಸಿದ್ದೂ ಅದೇ ಹೊತ್ತಿನಲ್ಲಿ, ಆದ್ದರಿಂದ ಯಂತ್ರ ಈಗ ಚುರುಕಾಗಿರುವ ಕೀರ್ತಿಯನ್ನೆಲ್ಲ ಮಿಂಟಿಗೆ ಕಟ್ಟುವುದು ನ್ಯಾಯವಲ್ಲ. ಹಾರ್ಡ್‌ಡಿಸ್ಕನ್ನೇ ಉಳಿಸಿಕೊಂಡು ಲಿನಕ್ಸ್ ಹಾಕಿಸಿ "ಏನೂ ವೇಗವಾಗಲಿಲ್ಲ" ಎಂದು ದೂರುವವರಿಗೆ ನನ್ನ ಉತ್ತರವೂ ಇದೇ: ಮೊದಲು ಎಸ್‌ಎಸ್‌ಡಿ, ಆಮೇಲೆ ಉಳಿದದ್ದು.

ಅನುಸ್ಥಾಪನೆಗೆ ಮುಂಚಿನ ಒಂದು ಅನುಕೂಲವನ್ನು ಬೇರೆ ಯಾವ ಸರಕಿನಲ್ಲಿಯೂ ನಾನು ಕಂಡಿಲ್ಲ. ಡೌನ್‌ಲೋಡ್ ಮಾಡಿದ ಕಡತವನ್ನು ಪೆನ್‌ಡ್ರೈವಿಗೆ ಬರೆದು ಅದರಿಂದಲೇ ಲ್ಯಾಪ್‌ಟಾಪನ್ನು ಚಾಲೂ ಮಾಡಿದರೆ, ಡಿಸ್ಕಿನಲ್ಲಿರುವ ಒಂದಕ್ಷರವನ್ನೂ ಮುಟ್ಟದೆ ಇಡೀ ವ್ಯವಸ್ಥೆ ಕಣ್ಣಮುಂದೆ ನಿಲ್ಲುತ್ತದೆ. ವೈಫೈ ಹಿಡಿಯುತ್ತದೆಯೇ, ಸದ್ದು ಬರುತ್ತದೆಯೇ, ಪರದೆಯ ಬೆಳಕು ಕೀಲಿಯಿಂದ ಏರಿಳಿಯುತ್ತದೆಯೇ, ಕ್ಯಾಮೆರಾ ಕಾಣುತ್ತದೆಯೇ ಎಂದು ಸಾವಕಾಶವಾಗಿ ನೋಡಿಕೊಂಡು, ಒಗ್ಗದಿದ್ದರೆ ಪೆನ್‌ಡ್ರೈವ್ ಕಿತ್ತುಹಾಕಿ ಹಳೆಯದಕ್ಕೇ ಮರಳಬಹುದು. ಕಡತದ ಗಾತ್ರ ಸುಮಾರು 3 ಜಿಬಿ. ದಿನಕ್ಕೆ ಒಂದೂವರೆ ಅಥವಾ ಎರಡು ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಇದನ್ನು ಇಳಿಸಲು ಹೋಗಬಾರದು. ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಫೈಬರ್ ಇರುವ ನೆಂಟರ ಮನೆಯಲ್ಲಿ ಇಳಿಸಿಕೊಂಡು ಬರುವುದು ಜಾಣತನ. ಇಳಿಸಿದ ಕಡತದ ಚೆಕ್‌ಸಮ್ (ಕಡತ ಮೂಲದಲ್ಲಿದ್ದಂತೆಯೇ ಇದೆಯೇ ಎಂದು ತಿಳಿಸುವ ಗುರುತಿನ ಸಂಖ್ಯೆ) ತಾಳೆ ನೋಡುವುದನ್ನು ಮಾತ್ರ ಬಿಡಬಾರದು. 2016ರ ಫೆಬ್ರುವರಿಯಲ್ಲಿ ಮಿಂಟಿನ ಜಾಲತಾಣಕ್ಕೇ ಕನ್ನ ಹಾಕಿದ ಕಿಡಿಗೇಡಿಗಳು, ಹೊರಗಿನವರು ಯಂತ್ರದೊಳಗೆ ನುಸುಳಲು ಹಿಂಬಾಗಿಲಿಟ್ಟ ಕಡತವನ್ನು ಜನರಿಗೆ ಹಂಚಿದ್ದರು. ತಂಡ ಅದನ್ನು ಮುಚ್ಚಿಡದೆ ಕೂಡಲೇ ಪ್ರಕಟಿಸಿತು ಎಂಬುದು ಅದರ ಪರವಾಗಿ ಹೇಳಬೇಕಾದ ಮಾತು. ತಾಳೆ ನೋಡುವ ಕಷ್ಟ ನಮ್ಮ ಪಾಲಿಗೆ ಉಳಿಯಿತು ಎಂಬುದು ಇನ್ನೊಂದು.

ಮಿಂಟ್ ನಮ್ಮ ಜಿಲ್ಲೆಗೆ ಏಕೆ ಹೊಂದುತ್ತದೆ ಎಂಬುದು ಜೂನ್ ತಿಂಗಳಲ್ಲಿ ತಿಳಿಯುತ್ತದೆ. ಗಾಳಿಮಳೆಗೆ ಸಿಲ್ವರ್ ಓಕ್ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋಗಿ ಬಹಳ ಹೊತ್ತಾದರೆ ಟವರಿನ ಡೀಸೆಲ್ ಮುಗಿಯುತ್ತದೆ, ಟವರ್ ಮಲಗಿದರೆ ಊರಿಗೆ ಊರೇ ಹೊರಲೋಕದಿಂದ ಕಡಿದುಹೋಗುತ್ತದೆ. ಇಂಥ ಕಡೆ ಕಂಪ್ಯೂಟರಿನಿಂದ ನಿರೀಕ್ಷಿಸುವುದು ಒಂದೇ: ಇಂಟರ್ನೆಟ್ ಇಲ್ಲದಿದ್ದರೂ ಅದು ಪೂರ್ತಿ ಕಂಪ್ಯೂಟರಾಗಿಯೇ ಇರಬೇಕು, ಮತ್ತು ಇಂಟರ್ನೆಟ್ ಬಂದ ಅರ್ಧ ಗಂಟೆಯನ್ನು ತನ್ನ ಕೆಲಸಕ್ಕೆ ನುಂಗಿಹಾಕದೆ ನಮ್ಮ ಕೆಲಸಕ್ಕೆ ಬಿಡಬೇಕು. ವಿಂಡೋಸ್ 11ರ ಹೋಮ್ ಆವೃತ್ತಿಯನ್ನು ಮೊದಲ ಸಲ ಸಿದ್ಧಪಡಿಸುವಾಗಲೇ ಇಂಟರ್ನೆಟ್ ಸಂಪರ್ಕವನ್ನೂ ಮೈಕ್ರೋಸಾಫ್ಟ್ ಖಾತೆಯನ್ನೂ ಕೇಳುತ್ತದೆ. ಮಿಂಟ್ ಕೇಳುವುದು ಒಂದು ಹೆಸರನ್ನು, ಒಂದು ಗುಪ್ತಪದವನ್ನು. ಎರಡೂ ಆ ಯಂತ್ರದೊಳಗೇ ಉಳಿಯುತ್ತವೆ. ಬರಹಕ್ಕೆ, ಲೆಕ್ಕಪಟ್ಟಿಗೆ ಬೇಕಾದ ಲಿಬ್ರೆಆಫೀಸ್, ಫೈರ್‌ಫಾಕ್ಸ್ ಬ್ರೌಸರ್, ಇಮೇಲಿಗೆ ಥಂಡರ್‌ಬರ್ಡ್ ಇವೆಲ್ಲ ಜತೆಯಲ್ಲಿಯೇ ಬರುತ್ತವೆ, ಆದ್ದರಿಂದ ಮೊದಲ ದಿನವೇ ನೆಟ್‌ವರ್ಕ್ ಇಲ್ಲದೆಯೂ ಕೆಲಸ ಶುರುಮಾಡಬಹುದು.

ಅಪ್‌ಡೇಟುಗಳ ವಿಷಯದಲ್ಲಿ ಮಿಂಟ್ ತೋರುವ ಸಭ್ಯತೆಯೇ ನನಗೆ ಅದರ ಅತಿ ದೊಡ್ಡ ಗುಣವಾಗಿ ಕಂಡಿದೆ. ಕೆಳಗಿನ ಪಟ್ಟಿಯಲ್ಲಿ ಒಂದು ಪುಟ್ಟ ಗುರಾಣಿಯ ಚಿತ್ರವಿರುತ್ತದೆ; ಅಪ್‌ಡೇಟ್ ಇದ್ದಾಗ ಅದರ ಮೇಲೆ ಚುಕ್ಕಿ ಕಾಣುತ್ತದೆ, ಅಷ್ಟೆ. ಒತ್ತಿದರೆ ಯಾವ ತಂತ್ರಾಂಶಕ್ಕೆ ಏನು ಬಂದಿದೆ, ಒಟ್ಟು ಎಷ್ಟು ಎಂಬಿ ಇಳಿಸಬೇಕು ಎಂಬುದು ಸಾಲುಸಾಲಾಗಿ ತೆರೆದುಕೊಳ್ಳುತ್ತದೆ. ಮೊಬೈಲಿನ ಹಾಟ್‌ಸ್ಪಾಟಿನಲ್ಲಿದ್ದಾಗ ಭದ್ರತೆಗೆ ಸಂಬಂಧಿಸಿದವುಗಳನ್ನಷ್ಟೇ ಆರಿಸಿ, ದೊಡ್ಡವನ್ನು ಪೇಟೆಗೆ ಹೋದಾಗ ಇಳಿಸಿಕೊಳ್ಳುವುದು ನಮ್ಮ ಮನೆಯ ರೂಢಿ. ತಾನಾಗಿ ಅಪ್‌ಡೇಟ್ ಆಗುವ ಸೌಲಭ್ಯವೂ ಉಂಟು, ಆದರೆ ಅದನ್ನು ನಾವೇ ಹೋಗಿ ಹಾಕಬೇಕು. ವಿಂಡೋಸಿನಲ್ಲಿಯೂ ಮೀಟರ್ಡ್ (ಡೇಟಾ ಮಿತಿಯಿರುವ) ಸಂಪರ್ಕವೆಂದು ಗುರುತಿಸಿ ಇದನ್ನು ಬಹುಮಟ್ಟಿಗೆ ಹತೋಟಿಯಲ್ಲಿಡಬಹುದು ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ವ್ಯತ್ಯಾಸವಿರುವುದು ಯಾರು ಯಾರ ಅನುಮತಿ ಕೇಳಬೇಕು ಎಂಬಲ್ಲಿ. ಅಪ್‌ಡೇಟಿನಿಂದ ಏನಾದರೂ ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಲು ಟೈಮ್‌ಶಿಫ್ಟ್ ಎಂಬ ಸಲಕರಣೆಯಿದೆ. ಅದು ಕಾಪಾಡುವುದು ವ್ಯವಸ್ಥೆಯನ್ನು ಮಾತ್ರ. ಫೋಟೋ, ಲೆಕ್ಕ, ಪತ್ರಗಳಿಗೆ ಬೇರೆಯದೇ ಬ್ಯಾಕಪ್ ಇಟ್ಟುಕೊಳ್ಳಬೇಕು.

ಇನ್ನು ನಿತ್ಯದ ಕೆಲಸ. ನಮ್ಮ ಕಡೆ ತೋಟದವರು ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟಿನಲ್ಲಿಯೇ ಅಳೆದು ಬರೆದಿಡುತ್ತಾರೆ. ಬೆಳಿಗ್ಗೆ ಮಾಪಕದ ನೀರು ನೋಡಿ ಪುಸ್ತಕದಲ್ಲಿ ಬರೆಯುವುದು ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ. ನಮ್ಮ ಮನೆಯ ಪುಸ್ತಕ ಎಕ್ಸೆಲ್ ಕಡತವಾಗಿ ಬಹಳ ವರ್ಷಗಳಾಗಿವೆ. ಆ ಕಡತ ಲಿಬ್ರೆಆಫೀಸ್ ಕ್ಯಾಲ್ಕಿನಲ್ಲಿ ಸೂತ್ರಗಳ ಸಮೇತ ಸರಿಯಾಗಿ ತೆರೆಯಿತು. ತಿಂಗಳವಾರು ಮೊತ್ತ, ವರ್ಷದಿಂದ ವರ್ಷಕ್ಕೆ ಹೋಲಿಕೆ, ಕಾಫಿ ಹೂವರಳಿಸುವ ಹೂಮಳೆ ಬಿದ್ದ ದಿನಕ್ಕೂ ಅದರ ಹಿಂದೆ ಬರಬೇಕಾದ ಬ್ಯಾಕಿಂಗ್ ಮಳೆಗೂ ನಡುವೆ ಎಷ್ಟು ದಿನ ಕಳೆಯಿತು ಎಂಬ ಲೆಕ್ಕ, ಇವೆಲ್ಲ ಹಾಗೆಯೇ ನಡೆಯುತ್ತಿವೆ. ಕೊಯ್ಲಿನ ಕಾಲದ ಚೆಕ್‌ರೋಲು (ಆಳುಗಳ ಹಾಜರಿ ಪಟ್ಟಿ), 50 ಕೆಜಿಯ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆಗೆ ಬಂದ ಔಟ್‌ಟರ್ನ್ (ಅದರಿಂದ ಸಿಗುವ ಕಾಫಿ ಬೀಜದ ತೂಕ) ಹಾಕಿದರೆ ಕೈಗೆ ಬರುವ ಬೆಲೆ ತೋರಿಸುವ ಪಟ್ಟಿ, ಇವಕ್ಕೂ ತೊಂದರೆಯಿಲ್ಲ. ಕ್ಯಾಲಿಬ್ರಿ ಅಕ್ಷರಶೈಲಿಯ ಬದಲಿಗೆ ಅಷ್ಟೇ ಅಗಲದ ಕಾರ್ಲಿಟೊ ಕೂರುವುದರಿಂದ ಕಾಲಮುಗಳು ಕೆಡುವುದಿಲ್ಲ. ಮ್ಯಾಕ್ರೋ (ಹಲವು ಹೆಜ್ಜೆಗಳ ಕೆಲಸವನ್ನು ತಾನೇ ಮಾಡುವ ಪುಟ್ಟ ಪ್ರೋಗ್ರಾಂ) ಬಳಸಿದ ಕಡತಗಳಿದ್ದವರು ಮಾತ್ರ ಎಚ್ಚರದಿಂದಿರಬೇಕು: ಎಕ್ಸೆಲಿಗೆಂದು ಬರೆದ ಮ್ಯಾಕ್ರೋಗಳಲ್ಲಿ ಕೆಲವು ಇಲ್ಲಿ ಓಡುತ್ತವೆ, ಕೆಲವು ಓಡುವುದಿಲ್ಲ, ಯಾವುದು ಎಂಬುದು ತೆರೆದು ನೋಡಿದ ಮೇಲೆಯೇ ಗೊತ್ತಾಗುವುದು.

ಕನ್ನಡದ ವಿಷಯಕ್ಕೆ ಬಂದರೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಮಿಂಟ್ ಮೆಚ್ಚಿದವರ ವಿಮರ್ಶೆಗಳಲ್ಲಿ ಬಹುತೇಕ ಬಿಟ್ಟುಹೋಗುವ ಭಾಗ ಇದೇ. ಪರದೆಯ ಮೇಲೆ ಕನ್ನಡ ಓದುವುದಕ್ಕೆ ಏನೂ ಅಡ್ಡಿಯಿಲ್ಲ. ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ, ನೋಟೋ ಕನ್ನಡದ ಅಕ್ಷರಗಳು ಸ್ಪಷ್ಟವಾಗಿವೆ, ಬೇಕಾದವರು ಗುಬ್ಬಿ, ನವಿಲು, ಲೋಹಿತ್ ಎಂಬ ಅಕ್ಷರಶೈಲಿಗಳನ್ನು ಸಾಫ್ಟ್‌ವೇರ್ ಮ್ಯಾನೇಜರಿನಿಂದ ಉಚಿತವಾಗಿ ಹಾಕಿಕೊಳ್ಳಬಹುದು. ಮೆನುಗಳನ್ನೂ ಕನ್ನಡಕ್ಕೆ ತಿರುಗಿಸಬಹುದು, ಆದರೆ ಅನುವಾದ ಪೂರ್ತಿಯಾಗಿಲ್ಲದ ಕಾರಣ ಒಂದು ಸಾಲು ಕನ್ನಡ, ಮುಂದಿನದು ಇಂಗ್ಲಿಷ್ ಎಂಬಂತಾಗುತ್ತದೆ. ನಾನು ಮೆನುಗಳನ್ನು ಇಂಗ್ಲಿಷಿನಲ್ಲಿಯೇ ಬಿಟ್ಟಿದ್ದೇನೆ.

ಬೆರಳಚ್ಚಿನಲ್ಲಿ ಕಥೆ ಬೇರೆ. ಕೀಲಿಮಣೆಯ ಸೆಟ್ಟಿಂಗಿನಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸವೂ, ಕನ್ನಡ ಗಣಕ ಪರಿಷತ್ತಿನ ಹೆಸರಿನ ಕಗಪ ವಿನ್ಯಾಸವೂ ಮೊದಲಿನಿಂದಲೇ ಇವೆ. ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದಲ್ಲಿ ಕೈ ಪಳಗಿದವರು ಕಗಪ ಎಂಬ ಹೆಸರು ಕಂಡ ಕೂಡಲೇ ಖುಷಿಪಟ್ಟು ಅದನ್ನೇ ಆರಿಸುತ್ತಾರೆ; ಆಮೇಲೆ ವ್ಯಂಜನಗಳೆಲ್ಲ ಸರಿಯಾಗಿ ಬಂದು, ಪದದ ಆರಂಭದ ಸ್ವರ ಹೊಡೆಯುವಾಗ ಕೈ ತಡವರಿಸುತ್ತದೆ. ನುಡಿಯಲ್ಲಿ ಒಂದೇ ಕೀಲಿ ಸಂದರ್ಭ ನೋಡಿ "ಇ" ಎಂಬ ಸ್ವರವನ್ನೋ ಗುಡಿಸನ್ನೋ ತಾನೇ ಆರಿಸಿಕೊಡುತ್ತಿತ್ತು, ಈ ಸರಳ ವಿನ್ಯಾಸಕ್ಕೆ ಆ ಬುದ್ಧಿಯಿಲ್ಲ. ಪರಿಹಾರ ಸುಲಭವಾಗಿಯೇ ಇದೆ: ಐಬಸ್ ಎಂಬ ಇನ್‌ಪುಟ್ ವ್ಯವಸ್ಥೆಯನ್ನೂ ಅದರ ಎಂ17ಎನ್ ಭಾಗವನ್ನೂ ಹಾಕಿಕೊಂಡು, ಅಲ್ಲಿರುವ ಕೆಜಿಪಿ ವಿನ್ಯಾಸವನ್ನು ಆರಿಸಿದರೆ ನುಡಿಯ ಅಭ್ಯಾಸವೇ ಮುಂದುವರಿಯುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಹೊಡೆಯುವವರಿಗೆ ಐಟ್ರಾನ್ಸ್ ಇದೆ. ಆದರೆ ಈ ಸಂಗತಿಯನ್ನು ಮಿಂಟ್ ಎಲ್ಲಿಯೂ ತಾನಾಗಿ ಹೇಳುವುದಿಲ್ಲ. ಗೊತ್ತಿದ್ದವರು ಹೇಳಿಕೊಡದಿದ್ದರೆ ಹೊಸಬರು "ಲಿನಕ್ಸಿನಲ್ಲಿ ಕನ್ನಡ ಬರುವುದಿಲ್ಲ" ಎಂದು ತೀರ್ಮಾನಿಸಿ ಎದ್ದುಹೋಗುತ್ತಾರೆ. ಕೊಡವ ತಕ್ಕನ್ನು (ಕೊಡವ ಭಾಷೆಯನ್ನು) ಕನ್ನಡ ಲಿಪಿಯಲ್ಲಿ ಬರೆಯುವವರಿಗೂ ಇದೇ ವ್ಯವಸ್ಥೆ ಸಾಕಾಗುತ್ತದೆ.

ಲಿಬ್ರೆಆಫೀಸ್ ರೈಟರಿನಲ್ಲಿ ಇನ್ನೊಂದು ಗುಟ್ಟಿದೆ. ಅದರ ಲೆಕ್ಕದಲ್ಲಿ ಕನ್ನಡವು ಇಂಗ್ಲಿಷಿನ ಗುಂಪಿಗೆ ಸೇರದೆ, ಸಂಕೀರ್ಣ ಲಿಪಿಗಳ ಬೇರೆ ಗುಂಪಿಗೆ ಸೇರುತ್ತದೆ. ಶೈಲಿಗಳ ಸೆಟ್ಟಿಂಗಿನಲ್ಲಿ ಎರಡಕ್ಕೂ ಅಕ್ಷರದ ಗಾತ್ರವನ್ನು ಪ್ರತ್ಯೇಕವಾಗಿ ಹೇಳಬೇಕು, ಇಲ್ಲದಿದ್ದರೆ ಸಂಘದ ಮಹಾಸಭೆಯ ನೋಟಿಸಿನಲ್ಲಿ ಅಂಕಿಗಳು ದೊಡ್ಡದಾಗಿಯೂ ಕನ್ನಡ ಚಿಕ್ಕದಾಗಿಯೂ ಅಚ್ಚಾಗುತ್ತವೆ. ಒಮ್ಮೆ ಸರಿಪಡಿಸಿ ಮಾದರಿ ಕಡತವಾಗಿ ಉಳಿಸಿಟ್ಟರೆ ಮತ್ತೆ ಚಿಂತೆಯಿಲ್ಲ.

ನಿಜವಾದ ತಲೆನೋವು ನುಡಿ ಮತ್ತು ಬರಹ ಎಂಬ ತಂತ್ರಾಂಶಗಳ ಹಳೆಯ ಕಡತಗಳದ್ದು. ಎಲ್ಲ ಯಂತ್ರಗಳೂ ಒಂದೇ ರೀತಿ ಓದಬಲ್ಲ ಯೂನಿಕೋಡ್ ಎಂಬ ಅಕ್ಷರ ಸಂಕೇತ ಪದ್ಧತಿ ರೂಢಿಗೆ ಬರುವ ಮೊದಲು ನಮ್ಮಲ್ಲಿ ಬೆರಳಚ್ಚಾದ ಅರ್ಜಿಗಳು, ಪಾಲುಪಟ್ಟಿಯ ಕರಡುಗಳು, ದೇವಸ್ಥಾನ ಸಮಿತಿಯ ನಡಾವಳಿಗಳು ಇವೆಲ್ಲ ಒಳಗೆ ಇಂಗ್ಲಿಷ್ ಮತ್ತು ಯುರೋಪಿನ ಚಿಹ್ನೆಗಳಾಗಿಯೇ ಉಳಿದಿದ್ದು, ನುಡಿಯ ಅಕ್ಷರಶೈಲಿ ಇದ್ದಾಗ ಮಾತ್ರ ಕನ್ನಡವಾಗಿ ಕಾಣುವಂಥವು. ಆ ಅಕ್ಷರಶೈಲಿಯ ಟಿಟಿಎಫ್ ಕಡತಗಳನ್ನು ಮಿಂಟಿಗೆ ನಕಲು ಮಾಡಿಕೊಂಡರೆ ಓದುವುದಕ್ಕೂ ಅಚ್ಚು ಹಾಕುವುದಕ್ಕೂ ಆಗುತ್ತದೆ. ಆದರೆ ತಿದ್ದಬೇಕಾದರೆ ಯೂನಿಕೋಡಿಗೆ ಪರಿವರ್ತಿಸಲೇಬೇಕು, ಪರಿವರ್ತಕಗಳು ಬೇಕಾದಷ್ಟಿದ್ದರೂ ಅರ್ಕಾವೊತ್ತು ಮತ್ತು ಅಂಕಿಗಳಿರುವ ಕಡೆ ಕಣ್ಣಿಟ್ಟು ಓದಬೇಕು. ಇದು ಮಿಂಟಿನ ದೋಷವಲ್ಲ, ನಮ್ಮ ಗಣಕ ಚರಿತ್ರೆಯ ಸಾಲ. ಹಾಗಿದ್ದರೂ ಅದು ತೀರಿಸಬೇಕಾಗಿ ಬರುವುದು ವಿಂಡೋಸ್ ಬಿಡುವ ದಿನವೇ.

ಫೋನಿನಿಂದ ಲ್ಯಾಪ್‌ಟಾಪಿಗೆ ಫೋಟೋ ಕಳಿಸಲು ವಾರ್ಪಿನೇಟರ್ ಎಂಬ ಮಿಂಟಿನದೇ ಸಲಕರಣೆಯಿದೆ. ಮನೆಯ ವೈಫೈ ರೂಟರ್ ಚಾಲೂ ಇದ್ದರೆ ಸಾಕು, ಇಂಟರ್ನೆಟ್ ಬೇಕಿಲ್ಲ. ವಾಟ್ಸ್ಆ್ಯಪ್ ಕಂಪನಿ ಲಿನಕ್ಸಿಗೆಂದು ಪ್ರತ್ಯೇಕ ತಂತ್ರಾಂಶ ಕೊಟ್ಟಿಲ್ಲವಾದ್ದರಿಂದ ಬ್ರೌಸರಿನಲ್ಲಿಯೇ ಬಳಸಬೇಕು. ಪಹಣಿ ನೋಡುವುದು, ವಿದ್ಯುತ್ ಬಿಲ್ ಕಟ್ಟುವುದು, ಬ್ಯಾಂಕಿನ ಜಾಲತಾಣ, ಇವೆಲ್ಲ ಬ್ರೌಸರಿನ ಕೆಲಸಗಳಾದ್ದರಿಂದ ವಿಶೇಷವಾಗಿ ಹೇಳುವಂಥದ್ದೇನಿಲ್ಲ.

ಹೇಳಬೇಕಾದದ್ದು ಪ್ರಿಂಟರುಗಳ ಬಗ್ಗೆ. ಈಚಿನ ವೈಫೈ ಪ್ರಿಂಟರುಗಳನ್ನು ಮಿಂಟ್ ಡ್ರೈವರ್ ತಂತ್ರಾಂಶದ ಹಂಗಿಲ್ಲದೆ ತಾನೇ ಗುರುತಿಸುತ್ತದೆ. ಹಳೆಯ ಅಗ್ಗದ ಲೇಸರ್ ಪ್ರಿಂಟರುಗಳಲ್ಲಿ ಕೆಲವು ಮಾತ್ರ, ಪುಟ ರಚಿಸುವ ಕೆಲಸವನ್ನೆಲ್ಲ ಕಂಪ್ಯೂಟರಿನ ಡ್ರೈವರಿಗೇ ಬಿಡುವ ಜಾತಿಯವಾದ್ದರಿಂದ, ಲಿನಕ್ಸಿನಲ್ಲಿ ಸತಾಯಿಸುತ್ತವೆ. ಪೆನ್‌ಡ್ರೈವಿನಿಂದ ಚಾಲೂ ಮಾಡಿ ಪರೀಕ್ಷಿಸುವ ದಿನ ಪ್ರಿಂಟರನ್ನೂ ಜೋಡಿಸಿ ಒಂದು ಹಾಳೆ ತೆಗೆದು ನೋಡುವುದು ಕಡ್ಡಾಯ ಎಂದೇ ಹೇಳುತ್ತೇನೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಮಿಂಟ್ ಸಲ್ಲದು. ಅದು ವಿಂಡೋಸಿನ ತಂತ್ರಾಂಶ, ಅಡ್ಡದಾರಿಗಳಲ್ಲಿ ಓಡಿಸುವವರಿದ್ದರೂ ಜಿಎಸ್‌ಟಿ ಸಲ್ಲಿಸುವ ಕೊನೆಯ ದಿನ ಅಂಥ ಸಾಹಸ ಯಾರಿಗೂ ಬೇಡ. ಡಿಜಿಟಲ್ ಸಹಿಯ ಟೋಕನ್ ಬಳಸುವವರೂ ತಮ್ಮ ಟೋಕನ್ನಿಗೆ ಲಿನಕ್ಸ್ ಡ್ರೈವರ್ ಉಂಟೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಹಿಂದೆ ಇರುವವರು ಯಾರು ಎಂಬ ಪ್ರಶ್ನೆಯನ್ನು ನಮ್ಮ ಮನೆಯ ಹಿರಿಯರೊಬ್ಬರು ಕೇಳಿದರು: ದುಡ್ಡು ತೆಗೆದುಕೊಳ್ಳದೆ ಕೊಡುವವನು ಇನ್ನೇನು ತೆಗೆದುಕೊಳ್ಳುತ್ತಾನೆ ಎಂದು. ಕೇಳಬೇಕಾದ ಪ್ರಶ್ನೆಯೇ. ಮಿಂಟನ್ನು 2006ರಲ್ಲಿ ಆರಂಭಿಸಿದವರು ಕ್ಲೆಮೆಂಟ್ ಲೆಫೆಬ್ರ್. ಅಲ್ಲಿಂದ ಇಲ್ಲಿಯವರೆಗೆ ಅದು ಒಂದು ಚಿಕ್ಕ ತಂಡದ ಕೈಯಲ್ಲಿದ್ದು, ಬಳಕೆದಾರರ ದೇಣಿಗೆ ಮತ್ತು ಪ್ರಾಯೋಜಕರ ನೆರವಿನಿಂದ ನಡೆಯುತ್ತಿದೆ, ಬಂದ ದೇಣಿಗೆಯ ಲೆಕ್ಕವನ್ನು ತಂಡ ತಿಂಗಳು ತಿಂಗಳು ಪ್ರಕಟಿಸುತ್ತದೆ. ಅದರ ಬುನಾದಿ ಕೆನೊನಿಕಲ್ ಕಂಪನಿಯ ಉಬುಂಟು ಎಂಬ ಲಿನಕ್ಸ್. 22ನೇ ಸರಣಿ ನಿಂತಿರುವುದು ಉಬುಂಟು 24.04ರ ಮೇಲೆ, ಮತ್ತು ಅದಕ್ಕೆ 2029ರವರೆಗೆ ಭದ್ರತಾ ಅಪ್‌ಡೇಟುಗಳಿವೆ. ಉಬುಂಟು ಹಾದಿ ಬದಲಿಸಿದರೆ ಅಥವಾ ಇಲ್ಲವೇ ಆದರೆ ಏನು ಗತಿ ಎಂಬ ಮುಂದಾಲೋಚನೆಯಿಂದ, ನೇರವಾಗಿ ಡೆಬಿಯನ್ ಎಂಬ ಬೇರೊಂದು ಲಿನಕ್ಸಿನ ಮೇಲೆ ಕಟ್ಟಿದ ಇನ್ನೊಂದು ಆವೃತ್ತಿಯನ್ನೂ ತಂಡ ಜತೆಯಲ್ಲಿ ಸಾಕಿಕೊಂಡು ಬಂದಿದೆ. ತೋಟದವರಿಗೆ ಇದು ಅರ್ಥವಾಗದ ನೀತಿಯಲ್ಲ. ಕಾಫಿಯ ನಡುವೆ ಕರಿಮೆಣಸಿನ ಬಳ್ಳಿ ಹಬ್ಬಿಸುವುದೂ ಇದೇ ಕಾರಣಕ್ಕೆ. ನನಗಿರುವ ಅಳುಕು ಒಂದೇ: ತಂಡ ಚಿಕ್ಕದು, ಕೆಟ್ಟರೆ ಫೋನ್ ಮಾಡಿ ಕೇಳುವ ಸಹಾಯವಾಣಿಯಿಲ್ಲ, ನಮ್ಮ ಪೇಟೆಗಳ ಕಂಪ್ಯೂಟರ್ ಅಂಗಡಿಗಳಲ್ಲಿ ಲಿನಕ್ಸ್ ಬಲ್ಲವರು ಕಡಿಮೆ.

ಆದ್ದರಿಂದ ನನ್ನ ಶಿಫಾರಸು ಎಲ್ಲರಿಗೂ ಒಂದೇ ಅಲ್ಲ. ಬರಹ, ಲೆಕ್ಕಪಟ್ಟಿ, ಬ್ರೌಸರ್, ಫೋಟೋ ಇಷ್ಟರಲ್ಲಿ ಕೆಲಸ ಮುಗಿಯುವ ಮನೆಗಳಿಗೆ, ಓದುವ ಮಕ್ಕಳಿಗೆ, ಹಳೆಯ ಯಂತ್ರವನ್ನು ಇನ್ನೂ ಮೂರ್ನಾಲ್ಕು ವರ್ಷ ದುಡಿಸಿಕೊಳ್ಳಬೇಕೆನ್ನುವವರಿಗೆ ಮಿಂಟ್ ನಿಸ್ಸಂಶಯವಾಗಿ ಒಳ್ಳೆಯ ಆಯ್ಕೆ. ಟ್ಯಾಲಿ, ಟೋಕನ್, ಮ್ಯಾಕ್ರೋ ತುಂಬಿದ ಕಡತಗಳಿರುವ ಕಚೇರಿಗಳು ಹೊಸ ವಿಂಡೋಸ್ ಯಂತ್ರ ಕೊಳ್ಳುವುದೇ ಸರಿ. ಸ್ವತಃ ಹಾಕಿಕೊಳ್ಳಲು ಧೈರ್ಯವಿಲ್ಲದವರು ಅಂಗಡಿಯವರ ಕೈಗೆ ಕೊಡುವಾಗ, ಡಿಸ್ಕ್ ಅಳಿಸುವ ಮುನ್ನ ನುಡಿಯ ಅಕ್ಷರಶೈಲಿಗಳನ್ನೂ ಎಲ್ಲ ಕಡತಗಳನ್ನೂ ಹೊರಗಿನ ಡ್ರೈವಿಗೆ ತೆಗೆಸಿಕೊಂಡು, ಐಬಸ್‌ನ ಕೆಜಿಪಿ ವಿನ್ಯಾಸದಲ್ಲಿ ಕನ್ನಡದ ಒಂದು ವಾಕ್ಯ ಹೊಡೆದು ಅದನ್ನು ನಿಮ್ಮದೇ ಪ್ರಿಂಟರಿನಲ್ಲಿ ಅಚ್ಚು ಹಾಕಿ ತೋರಿಸಿದ ಮೇಲೆಯೇ ಕೂಲಿ ಕೊಡುವುದು ಒಳ್ಳೆಯದು.